ಪಟಾಲಮ್ಮನ ಲಾಟೀನು

"ನೋಡಿ, ಅಲ್ಲಿ ಹೋಗಿ ಆ ಮಾತು ತೆಗೀಬೇಡಿ."

ಕೆರೆ ಏರಿಯನ್ನು ಅರ್ಧ ಹತ್ತಿದ್ದ ತಾಹೆರಾ ಗಂಡನ ಷರಟಿನ ತೋಳು ಹಿಡಿದು ನಿಲ್ಲಿಸಿದಳು. ಸಂಕ್ರಾಂತಿ ಕಳೆದು ಕೆಲವು ದಿನಗಳಾಗಿದ್ದವು. ಬೆಳಗಿನ ಮಂಜು ಇನ್ನೂ ಯಲಹಂಕದ ಕೆರೆಯ ಮೇಲಿಂದ ಎದ್ದಿರಲಿಲ್ಲ. ದಿಬ್ಬದ ಮೇಲಿನ ಮಾಳಿಗೆ ಮನೆಯ ಕಡೆಯಿಂದ ತಮಟೆಯ ಸದ್ದು ಬರುತ್ತಿತ್ತು.

"ಯಾವ ಮಾತು?" ಎಂದ ಮುಕ್ತಾರ್.

"ಯಾವುದು ಅಂತ ನಿಮಗೆ ಗೊತ್ತಿಲ್ವಾ? ಆ ವರ್ಷದ ಲಾಟೀನಿನ ಮಾತು."

"ಈಗ ಹೇಳಿದ್ರೆ ಏನೇ ಆಗುತ್ತೆ? ಅಜ್ಜಿಯೇ ಹೋದ್ರು. ಪ್ರೀತಿಯಿಂದ ನೆನೆಸ್ಕೊಂಡು ನಗೋ ಮಾತಲ್ವಾ ಅದು?"

"ಅವರಿನ್ನೂ ಮನೇಲೇ ಇದಾರೆ. ಅವರ ಮುಂದೆ ಬೇಡ. ಇವತ್ತು ಉಪವಾಸ ಹೊಟ್ಟೆಗೆ ಮಾತ್ರ ಅಲ್ಲ, ನಾಲಗೆಗೂ ರೋಜಾ ಅಂದ್ಕೊಳ್ಳಿ."

ಯಲಹಂಕ ಸ್ಟೇಷನ್ನಿನ ಮುಂದೆ ಜಟಕಾ ನಿಲ್ಲಿಸಿಕೊಂಡು ರೈಲಿಗೆ ಕಾಯುವವನಿಗೆ ಮಾತೇ ಅರ್ಧ ಊಟ. ರಂಜಾನ್ ತಿಂಗಳಲ್ಲಂತೂ ಹಗಲೆಲ್ಲ ಅದೊಂದೇ ಊಟ. ಮುಕ್ತಾರ್ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು "ಆಯ್ತು ಮಾರಾಯ್ತಿ" ಎಂದ.

ಏರಿಯ ಕೆಳಗಿನ ತಗ್ಗಿನಲ್ಲಿ ಒಂದೇ ಸಾಲಿಗಿದ್ದ ಸಾಬರ ಮನೆಗಳು ಎಂಟು ವರ್ಷದಿಂದ ಆ ಗುಟ್ಟನ್ನು ಕಾಪಾಡಿಕೊಂಡು ಬಂದಿದ್ದವು. ಅದನ್ನು ಪಟಾಲಮ್ಮನ ಜೊತೆಗೇ ಮಣ್ಣಿಗೆ ಕಳಿಸಿಕೊಟ್ಟುಬಿಟ್ಟರೆ ತನ್ನ ಅತ್ತೆಗೆ ಕೊಟ್ಟ ಮಾತು ಉಳಿದಂತೆ ಎಂದು ತಾಹೆರಾ ಲೆಕ್ಕ ಹಾಕಿದ್ದಳು. ಮನೆ ಬಿಡುವ ಮುಂಚೆ ಸಾಲಿನವರಿಗೆಲ್ಲ ಇನ್ನೊಂದು ಮಾತೂ ಹೇಳಿದ್ದಳು: "ಇವತ್ತು ಯಾರೂ ಮೇಲೆ ನೋಡ್ಬೇಡಿ. ಸಾವಿನ ಮನೆ, ಅವರಿಗೆ ದೀಪ ಎತ್ತೋ ಹೊತ್ತೆಲ್ಲಿ? ನಮ್ಮ ಮನ್ಸೂರನ ಗಡಿಯಾರ ನೋಡಿ ಉಪವಾಸ ಬಿಡಿ." ಮೈದುನ ಮನ್ಸೂರ್ ಜಾಲಹಳ್ಳಿಯ ಕಾರ್ಖಾನೆಗೆ ಸೇರಿ ಹೋದ ವರ್ಷ ಕೈಗಡಿಯಾರ ಕೊಂಡಿದ್ದ.

ಅಷ್ಟು ಹೇಳಿ ಬಂದರೂ ಅವಳ ಎದೆಯಲ್ಲಿ ಒಂದು ಮುಳ್ಳು ಇತ್ತು. ಅದನ್ನು ಅವಳು ಗಂಡನಿಗೂ ತೋರಿಸಿರಲಿಲ್ಲ. ಪಟಾಲಮ್ಮ ಕೊನೆಯ ಏಳು ವರ್ಷ ತನ್ನ ಮುಂದೆ, ತನ್ನ ಕೈಯ ಹಬ್ಬದ ತಿಂಡಿಯನ್ನು ಒಂದು ಸಲವೂ ಬಾಯಿಗಿಟ್ಟಿರಲಿಲ್ಲ. ಯಾಕೆ ಎಂದು ಇನ್ನು ಕೇಳುವಂತೆಯೂ ಇಲ್ಲ.

*

ಪಟಾಲಮ್ಮನನ್ನು ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ಅಗಲವಾಗಿ ವಿಭೂತಿ, ಕೊರಳಿಗೆ ಸೇವಂತಿಗೆ ಹಾರ. ಮಜ್ಜಿಗೆ ಮಾರಿ ಬಂದು ಈಗಷ್ಟೇ ದಣಿವಾರಿಸಿಕೊಳ್ಳಲು ಕೂತವಳಂತೆ ಕಾಣುತ್ತಿದ್ದಳು. ತಾಹೆರಾ ತಂದಿದ್ದ ಹೂವನ್ನು ಪಾದದ ಬಳಿ ಇಟ್ಟು ಗೋಡೆ ಪಕ್ಕ ಕೂತಳು.

ಸತ್ತವಳ ತಂಗಿ ಅಕ್ಕಯ್ಯಮ್ಮ ಹೆಬ್ಬಾಳದಿಂದ ಬೆಳಕು ಹರಿಯುವ ಮುಂಚೆಯೇ ಬಂದಿದ್ದಳು. ಅಳು, ಮಾತು ಎರಡನ್ನೂ ಒಂದೇ ಉಸಿರಲ್ಲಿ ನಡೆಸುತ್ತಿದ್ದಳು.

"ಬಾರವ್ವ ತಾಯ್ರ. ನಿಮ್ಮವ್ವ ಓದ್ಲು ನೋಡು. ಕಾಪಿ ಕುಡಿತೀಯೇನವ್ವ? ಅಯ್ಯೋ, ನಿಂಗೆ ಉಪಾಸ ಅಲ್ವಾ! ಸಾಯಕ್ಕೂ ಇವಳಿಗೆ ನಿಮ್ಮ ತಿಂಗಳೇ ಬೇಕಾಗಿತ್ತಾ? ಬಂದೋರ್ಗೆ ಒಂದು ಲೋಟ ನೀರು ಕೊಡಂಗಿಲ್ಲ."

"ಇರ್ಲಿ ಬಿಡಿ ಅಕ್ಕಯ್ಯಮ್ಮ."

"ಬದುಕಿದ್ದಾಗ್ಲೂ ಇಂಗೇ ಕಣವ್ವ. ಈ ತಿಂಗಳು ಬಂದ್ರೆ ನಮ್ಮನೇಲಿ ಒಂದು ರಾತ್ರಿ ಉಳೀತಿರ್ಲಿಲ್ಲ. ನನ್ನ ಮಗಳ ಮದ್ವೆಗೆ ಬಂದೋಳು, ಧಾರೆ ಮುಗೀತಿದ್ದಂಗೆ ಸೀರೆ ಕೊಡವ್ಕೊಂಡು ಎದ್ಲು. ಎಲ್ಲಿಗೇ ಅಕ್ಕ, ಊಟಕ್ಕೆ ಎಲೆ ಆಕ್ತವ್ರೆ ಅಂದ್ರೆ, ಅಲ್ಲಿ ನನ್ನ ಮಕ್ಳು ಬಾಯಿ ಒಣಗಿಸ್ಕೊಂಡು ಕುಂತವ್ರೆ, ದೀಪ ಎತ್ಬೇಕು ಅಂದ್ಲು. ನೆಂಟ್ರೆಲ್ಲ ನನ್ನ ಕೇಳ್ತಾರೆ, ನಿಮ್ಮಕ್ಕಂಗೆ ಅಲ್ಲೆಷ್ಟು ಮಕ್ಳು ಅಂತ!"

ಅಳುತ್ತಿದ್ದ ಹೆಂಗಸರಲ್ಲಿ ಒಬ್ಬಿಬ್ಬರು ನಕ್ಕರು. ಬಾಗಿಲ ಬಳಿ ಗಂಡಸರ ಜೊತೆ ನಿಂತಿದ್ದ ಮುಕ್ತಾರನಿಗೆ ತಡೆಯಲಾಗಲಿಲ್ಲ.

"ಅಜ್ಜಿ ದೀಪ ಅಂದ್ರೆ ಸುಮ್ನೇನಾ? ಒಂದ್ಸಲ ಏನಾಯ್ತು ಗೊತ್ತಾ ಅಕ್ಕಯ್ಯಮ್ಮ..."

ತಾಹೆರಾ ತಲೆಯೆತ್ತಿ ನೋಡಿದಳು.

ಮುಕ್ತಾರ್ ಕೆಮ್ಮಿದ. "ಏನಿಲ್ಲ, ತುಂಬ ಚೆನ್ನಾಗಿತ್ತು ಆ ದೀಪ. ದೂರಕ್ಕೂ ಕಾಣೋದು."

ಒಳಬಾಗಿಲಲ್ಲಿ ಅಕ್ಕಿಯ ಮೊರ ಹಿಡಿದು ನಿಂತಿದ್ದ ಸೊಸೆ ಗೌರಮ್ಮ ಮುಕ್ತಾರನನ್ನೊಮ್ಮೆ, ತಾಹೆರಾಳನ್ನೊಮ್ಮೆ ನೋಡಿ ಒಳಗೆ ಹೋದಳು.

*

ತಾಹೆರಾ ಮದುವೆಯಾಗಿ ಬಂದ ಮೊದಲ ರಂಜಾನ್ ಮಳೆಗಾಲದಲ್ಲಿ ಬಿದ್ದಿತ್ತು. ಏರಿಯ ಕೆಳಗಿನ ಸಾಲಿಗೆ ಪೇಟೆಯ ಮಸೀದಿಯ ಬಾಂಗು ಕೇಳಿಸುತ್ತಿರಲಿಲ್ಲ. ಬಾಂಗಿನ ಹೊತ್ತಿಗೆ ಮಿನಾರಿನಲ್ಲಿ ಹಚ್ಚುವ ದೀಪವೂ ಏರಿಯ ಮರೆಗೆ ಕಾಣುತ್ತಿರಲಿಲ್ಲ. ಹೊತ್ತು ಮುಳುಗುವಾಗ ಯಾರಾದರೊಬ್ಬರು ಏರಿ ಹತ್ತಿ ನಿಂತು, ದೀಪ ಕಂಡ ಕೂಡಲೇ ಕೆಳಕ್ಕೆ ಕೂಗಬೇಕು. ಆಮೇಲೆ ಉಳಿದವರು ನೀರು ಕುಡಿಯುವುದು. ಆ ಸಂಜೆ ಗಂಡಸರು ಯಾರೂ ಬಂದಿರಲಿಲ್ಲ. ಹೊಸ ಸೊಸೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ತಾನೇ ಹತ್ತಿದಳು. ದೀಪ ನೋಡಿ ಕೂಗಿ ಇಳಿಯುವಾಗ ಕಾಲು ಜಾರಿ ಕೆಸರಿನಲ್ಲಿ ಕೂತುಬಿಟ್ಟಳು. ಮೊಣಕಾಲು ತರಚಿತು.

ಖಾಲಿ ಮಜ್ಜಿಗೆ ಗಡಿಗೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ಕೈಹಿಡಿದು ಎತ್ತಿದಳು.

"ಈ ಮಳೆಯಾಗೆ ಏರಿ ಮ್ಯಾಲೆ ಏನ್ ನೋಡ್ತಿದ್ದೆ ಮಗ?"

"ಮಸೀದಿ ದೀಪ."

"ದೀಪ ಕಂಡ್ರೆ ಏನ್ ಮಾಡ್ತೀರಿ?"

"ನೀರು ಕುಡೀತೀವಿ."

ಹೆಂಗಸು ಅವಳ ಒಣಗಿದ ತುಟಿ ನೋಡಿದಳು. ತನ್ನ ಸೆರಗಿನಿಂದ ಮೊಣಕಾಲಿನ ಕೆಸರು ಒರೆಸಿದಳು.

"ನಮ್ಮ ಮಾಳಿಗೆ ಮ್ಯಾಲೆ ನಿಂತ್ರೆ ಆ ಕಡೆ ಮಸೀದಿ ದೀಪ ಕಾಣ್ತದೆ, ಈ ಕಡೆ ನಿಮ್ಮ ಸಾಲು ಕಾಣ್ತದೆ. ನಾಳೆಯಿಂದ ಯಾರೂ ಅತ್ಬ್ಯಾಡಿ. ನಾನು ಲಾಟೀನು ಎತ್ತೀನಿ. ನಿಮ್ಮ ನಿಮ್ಮ ಬಾಗ್ಲಲ್ಲೇ ಕುಂತ್ಕಂಡು ನೀರು ಕುಡೀರಿ."

ಮರುದಿನ ಮಳೆ ಇನ್ನೂ ಜೋರಾಗಿತ್ತು. ಹಾಗೆ ಹೇಳಿದವಳು ಮರೆತಿರುತ್ತಾಳೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಹೊತ್ತು ಮುಳುಗಿತು. ಮಾಳಿಗೆಯ ಅಂಚಿನಲ್ಲಿ ಹಳದಿ ಬೆಳಕೊಂದು ಮೇಲೆದ್ದಿತು. ಪಟಾಲಮ್ಮ ಒಂದು ಕೈಯಲ್ಲಿ ಲಾಟೀನು ಹಿಡಿದು, ಇನ್ನೊಂದು ಕೈಯಲ್ಲಿ ಅದರ ಮೇಲೆ ಮೊರ ಹಿಡಿದಿದ್ದಳು. ಲಾಟೀನು ನೆನೆಯಲಿಲ್ಲ, ಅವಳು ಪೂರ್ತಿ ನೆನೆದಳು.

ಆಮೇಲೆ ಪ್ರತಿ ವರ್ಷ ಹೀಗೇ. ಲಾಟೀನು ಎದ್ದ ಕೂಡಲೇ ಬಾಗಿಲುಗಳಲ್ಲಿ ತಲೆಗಳು ಒಂದೊಂದಾಗಿ ಬಗ್ಗುತ್ತಿದ್ದವು. ಕಡೇ ಮನೆಯ ಸರ್ದಾರ್, ಕುದುರೆಗಳಿಗೆ ಲಾಳ ಕಟ್ಟುವವರು, ಎಲ್ಲದರಲ್ಲೂ ನಿಧಾನ. ಕೈತೊಳೆದು ಮೆಟ್ಟಿಲ ಮೇಲೆ ಕೂತು ದುವಾ ಹೇಳಿ ಅವರು ತಲೆ ಬಗ್ಗಿಸುವವರೆಗೂ ಲಾಟೀನು ಇಳಿಯುತ್ತಿರಲಿಲ್ಲ. "ಬೇಗ ಬಗ್ಗಿಸೋ ಸರ್ದಾರ್, ಪಾಪ ಅವಳ ತೋಳು ಬೀಳ್ತಿದೆ" ಎಂದು ತಾಹೆರಾಳ ಅತ್ತೆ ಬಡೀಬೀ ದಿನವೂ ಕೂಗುತ್ತಿದ್ದಳು.

*

ಆ ತಪ್ಪು ನಡೆದದ್ದು ಒಂದು ಬೇಸಿಗೆಯ ರಂಜಾನಿನಲ್ಲಿ. ಮಾವಿನ ಮಳೆಯ ಮೋಡ ಕವಿದು ಸೂರ್ಯ ಎಲ್ಲಿದ್ದಾನೆಂದೇ ತಿಳಿಯದ ಸಂಜೆ. ಲಾಟೀನು ಎದ್ದಿತು. ಬಾಯಾರಿ ಬೆಂದಿದ್ದ ಸಾಲು ನೀರು ಕುಡಿಯಿತು, ಖರ್ಜೂರ ಬಾಯಿಗಿಟ್ಟಿತು. ಬಟ್ಟಲುಗಳಿಗೆ ಗಂಜಿ ಬಿತ್ತು.

ಅಷ್ಟರಲ್ಲಿ ಸರ್ದಾರ್ ಪೇಟೆಯ ಕಡೆಯಿಂದ ಏರಿ ಇಳಿದು ಬಂದರು. ಎಲ್ಲರ ಬಾಯಿ ಆಡುತ್ತಿರುವುದನ್ನು ನೋಡಿ ಅಲ್ಲೇ ನಿಂತರು.

"ಏನ್ ಮಾಡ್ತಿದೀರಿ? ಇನ್ನೂ ಬಾಂಗೇ ಆಗಿಲ್ಲ! ಮಸೀದಿ ಮುಂದೆಯೇ ಬಂದೆ ನಾನು. ಮದುವೆ ಮೆರವಣಿಗೆ ಹೋಗ್ತಿದೆ ಅಷ್ಟೇ."

ಮೆರವಣಿಗೆಯ ಗ್ಯಾಸ್‌ಲೈಟು ಮಸೀದಿಯ ಮೂಲೆಯಲ್ಲಿ ತಿರುಗಿದ್ದನ್ನು ಪಟಾಲಮ್ಮ ಮಿನಾರಿನ ದೀಪವೆಂದು ತಿಳಿದಿದ್ದಳು.

ಯಾರೋ ಮೇಲಕ್ಕೆ ಕೂಗಲು ಬಾಯಿ ತೆರೆದರು. ಬಡೀಬೀ ಕೈಯೆತ್ತಿ ತಡೆದಳು.

"ಸುಮ್ನಿರಿ. ಕೈಲಿರೋದನ್ನ ಕೆಳಗಿಡಿ. ಆದರೆ ತಲೆ ಎತ್ತಬೇಡಿ, ತಿಂತಿರೋರ ಹಾಗೆ ಬಗ್ಗಿಸ್ಕೊಂಡೇ ಇರಿ. ಅವಳು ನೋಡ್ತಿದಾಳೆ."

ಮಾಳಿಗೆಯ ಮೇಲೆ ಲಾಟೀನು ಇನ್ನೂ ಎತ್ತಿದಂತೆಯೇ ಇತ್ತು. ಕಡೇ ಮನೆಗೆ ಕಾಯುತ್ತಿತ್ತು.

"ಸರ್ದಾರ್, ಹೋಗಿ ನಿನ್ನ ಮೆಟ್ಟಿಲ ಮೇಲೆ ಕೂತ್ಕೋ. ತಲೆ ಬಗ್ಗಿಸು."

ಸರ್ದಾರ್ ಹೋಗಿ ಕೂತರು. ಬರಿಗೈಯನ್ನು ಬಾಯಿಯ ಹತ್ತಿರ ತಂದು ತಲೆ ಬಗ್ಗಿಸಿದರು. ಲಾಟೀನು ಇಳಿಯಿತು. ಕತ್ತಲಾಗುವವರೆಗೆ ಸಾಲಿನಲ್ಲಿ ಯಾರೂ ಒಂದು ಹನಿ ನೀರು ಮುಟ್ಟಲಿಲ್ಲ. ತಣ್ಣಗಾದ ಗಂಜಿಯ ಮುಂದೆ ಕೂತು ಬಡೀಬೀ ಹೇಳಿದಳು:

"ಈ ಮಾತು ಏರಿ ಹತ್ತಬಾರದು. ಹತ್ತಿದ್ರೆ ಆ ದೀಪ ಮತ್ತೆ ಏಳಲ್ಲ. ನಾಚಿಕೆಗೇ ಸತ್ತುಹೋಗ್ತಾಳೆ ಅವಳು."

ತಿಳಿಯದೆ ಆದದ್ದು ಪಾಪವಲ್ಲ, ಆದರೆ ಕೆಟ್ಟ ಉಪವಾಸಕ್ಕೆ ಬದಲಾಗಿ ಇನ್ನೊಂದು ಇಡಬೇಕು ಎಂದರು ಮಸೀದಿಯ ಹಜರತ್ತರು. ಹಬ್ಬ ಕಳೆದ ಮೇಲೆ ಬಡೀಬೀ ಒಂದು ದಿನ ಗೊತ್ತುಮಾಡಿ ಸಾಲಿನ ದೊಡ್ಡವರೆಲ್ಲರಿಂದ ಒಟ್ಟಿಗೇ ಆ ಸಾಲ ತೀರಿಸಿದಳು. ಬಡೀಬೀ ಈಗಿಲ್ಲ. ಅವಳ ಮಾತು ಮಾತ್ರ ಏರಿ ಹತ್ತದೆ ಉಳಿದಿತ್ತು.

ತಾಹೆರಾಳ ಮುಳ್ಳು ಅದರ ಮರುವರ್ಷದ್ದು. ಹಬ್ಬದ ಬೆಳಿಗ್ಗೆ ಅವಳು ಶೀರ್‌ಕುರ್ಮಾದ ಬಟ್ಟಲು ತಂದರೆ ಪಟಾಲಮ್ಮ ಮುಂಚೆಲ್ಲ ಹೊಸ್ತಿಲಲ್ಲೇ ಕೂತು ತಿಂದು, ಬಟ್ಟಲನ್ನು ಬೆರಳಿನಿಂದ ಒರೆಸಿ ನೆಕ್ಕಿ, "ಇನ್ನೊಂದೀಟು ತರಬಾರ್ದಾಗಿತ್ತಾ?" ಎನ್ನುತ್ತಿದ್ದಳು. ಆ ವರ್ಷದಿಂದ ಬಟ್ಟಲು ಇಸಿದುಕೊಂಡು ತಟ್ಟೆ ಮುಚ್ಚಿ, "ಇರ್ಲಿ ಕಣವ್ವ, ಆಮ್ಯಾಕೆ ತಿಂತೀನಿ" ಎಂದು ಒಳಗಿಡತೊಡಗಿದಳು. ಪ್ರತಿ ವರ್ಷವೂ ಅದೇ ಮಾತು. ಯಾರೋ ಕುಲದವರು ಏನೋ ಅಂದಿರಬೇಕು ಎಂದುಕೊಂಡಳು ತಾಹೆರಾ. ಆ ಪಾಯಸ ಹಸುವಿನ ಬಾನಿಗೆ ಹೋಗುತ್ತದೇನೋ ಎಂದೂ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಆದರೂ ದ್ರಾಕ್ಷಿ, ಗೋಡಂಬಿಯನ್ನು ಆ ಬಟ್ಟಲಿಗೇ ಹೆಚ್ಚಾಗಿ ಹಾಕಿ ತರುತ್ತಿದ್ದಳು.

ಅದೇ ವರ್ಷಗಳಲ್ಲಿ ಇನ್ನೊಂದು ತಮಾಷೆಯೂ ಶುರುವಾಗಿತ್ತು. ರಂಜಾನ್ ಮುಗಿದು, ಹಬ್ಬದ ದಿನವೆಲ್ಲ ತಿಂದುಂಡು ಸಾಲು ತೇಗುತ್ತಿರುವಾಗ, ಸಂಜೆ ಮಾಳಿಗೆಯ ಮೇಲೆ ಲಾಟೀನು ಏಳುತ್ತಿತ್ತು. "ನೋಡಿ, ಅಜ್ಜಿಗೆ ತಿಂಗಳು ಮುಗಿದದ್ದೇ ಮರೆತುಹೋಗಿದೆ!" ಎಂದು ಎಲ್ಲರೂ ನಗುತ್ತಿದ್ದರು.

*

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೆಣ ಎತ್ತಿದರು. ಮಗ ಮುನಿಆಂಜಿನಪ್ಪ ಒದ್ದೆ ಪಂಚೆಯಲ್ಲಿ ಮುಂದೆ ನಿಂತು, "ಸರ್ದಾರ್ ಸಾಬ್ರೆ, ನೀವು ಬ್ಯಾಡಿ, ವಯಸ್ಸಾಯ್ತು, ಒಟ್ಟೇಲೂ ಏನಿಲ್ಲ" ಎಂದ. ಸರ್ದಾರ್ ಕೇಳಿಸಿಕೊಳ್ಳದವರ ಹಾಗೆ ಹೆಗಲು ಕೊಟ್ಟರು. ಇನ್ನೊಂದು ಕಡೆ ಮುಕ್ತಾರ್. ತಮಟೆಯ ಸದ್ದು ತೋಟದ ಕಡೆಗೆ ಇಳಿಯುತ್ತ ಸಣ್ಣದಾಯಿತು.

ಹೆಂಗಸರು ಮನೆ ಗುಡಿಸಿ, ಸಗಣಿ ಹಾಕಿ ಸಾರಿಸಿದರು. ತಾಹೆರಾ ಬಾವಿಯಿಂದ ನೀರು ಸೇದಿ ತಂದುಕೊಟ್ಟಳು. ಪಟಾಲಮ್ಮ ಒರಗಿದ್ದ ಗೋಡೆಯ ಬುಡದಲ್ಲಿ ಗೌರಮ್ಮ ಹಣತೆ ಹಚ್ಚಿಟ್ಟಳು. ಮಣ್ಣು ಮಾಡಿ ಬಂದವರು ಆ ದೀಪ ನೋಡಿಕೊಂಡೇ ತಮ್ಮ ತಮ್ಮ ಮನೆಗೆ ಹೋಗಬೇಕು. ಅಕ್ಕಯ್ಯಮ್ಮ ಹಿತ್ತಲಿಗೆ ಹೋದಾಗ ಗೌರಮ್ಮ ತಗ್ಗಿದ ದನಿಯಲ್ಲಿ ಕೇಳಿದಳು.

"ಬೆಳಿಗ್ಗೆ ಮುಕ್ತಾರಣ್ಣ ಏನೋ ಹೇಳೋಕೆ ಹೋಗಿ ನುಂಗಿಕೊಂಡ್ರಲ್ಲ ಅಕ್ಕ."

"ಅವರಿಗೆ ಬಾಯಿ ಜಾಸ್ತಿ. ಏನಿಲ್ಲ ಬಿಡಿ."

"ಮೆರವಣಿಗೆ ಗ್ಯಾಸ್‌ಲೈಟಿನ ಮಾತು ತಾನೇ?"

ತಾಹೆರಾ ಸೊಂಟದ ಮೇಲಿನ ಬಿಂದಿಗೆ ಇಳಿಸುವುದನ್ನೂ ಮರೆತು ನಿಂತಳು.

"ನಿಮಗೆ ಯಾರು ಹೇಳಿದ್ರು?"

"ಅತ್ತೆ."

"ಅವರಿಗೆ?"

"ನಿಮ್ಮ ಮಗಳು ಮುನ್ನಿ."

"ನಮ್ಮ ಮುನ್ನೀನಾ!"

"ಆಗ ಇನ್ನೂ ಇಷ್ಟುದ್ದ ಇದ್ಲು. ಹಬ್ಬ ಆದ್ಮೇಲೆ ಒಂದಿನ ಅತ್ತೆ ನಿಮ್ಮ ಸಾಲಿಗೆ ಮಜ್ಜಿಗೆ ತಂದ್ರೆ ದೊಡ್ಡೋರು ಯಾರೂ ಬೇಡ ಅಂದ್ರಂತೆ. ಅಂಥ ಬಿಸಿಲಲ್ಲಿ ಮಜ್ಜಿಗೆ ಬೇಡ ಅನ್ನೋರುಂಟಾ? ಯಾಕೆ ಮಗ ಅಂತ ಮುನ್ನೀನ ಕೇಳಿದ್ರೆ, 'ಅಜ್ಜಿ, ನೀವು ಅವತ್ತು ದೀಪ ಮುಂಚೆ ಎತ್ತಿಬಿಟ್ರಲ್ಲ, ಅದಕ್ಕೇ ಇವತ್ತು ಎಲ್ಲಾರ್ದೂ ಇನ್ನೊಂದು ರೋಜಾ' ಅಂದ್ಲಂತೆ. ಅತ್ತೆ ಗಡಿಗೆ ಹೊತ್ಕೊಂಡು ಹಂಗೇ ವಾಪಸ್ ಬಂದ್ರು. ಮರುವರ್ಷದಿಂದ ಅವರದ್ದೂ ಒಂದು ರೋಜಾ."

"ರೋಜಾನಾ? ಯಾವಾಗ?"

"ನಿಮ್ಮ ಹಬ್ಬದ ದಿನ. ಕೋಳಿ ಕೂಗೋಕೆ ಮುಂಚೆ ಎದ್ದು ತಂಗಳು ಮುದ್ದೆ ತಿಂದುಬಿಟ್ರೆ, ಆಮೇಲೆ ಉಗುಳೂ ನುಂಗ್ತಿರ್ಲಿಲ್ಲ. 'ನಾನು ಅಷ್ಟು ಜನದ್ದು ಕೆಡಿಸ್ದೆ. ಅವರದ್ದೆಲ್ಲ ಮುಗಿದ್ಮ್ಯಾಕೆ ನಂದೊಂದು ಇರ್ಲಿ' ಅನ್ನೋರು."

ತಾಹೆರಾ ಬಿಂದಿಗೆ ಇಳಿಸಿದಳು.

"ಗೌರಮ್ಮ, ಹಬ್ಬದ ದಿನ ರೋಜಾ ಇಡೋ ಹಾಗೇ ಇಲ್ಲ ಕಣ್ರೀ! ಅವತ್ತು ಇಟ್ರೆ ತಪ್ಪು."

"ಅಯ್ಯೋ! ಅದು ಅವರಿಗೆ ಹೆಂಗೆ ಗೊತ್ತಾಗ್ಬೇಕು? ಕೇಳೋಣ ಅಂದ್ರೆ ನಿಮ್ಮನ್ನೇ ಕೇಳ್ಬೇಕು!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಗೌರಮ್ಮ ನಕ್ಕಳು. ತಾಹೆರಾ ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ.

"ಯಾರವ್ವ ಅದು ಸಾವಿನ ಮನೇಲಿ ನಗೋರು?" ಅಕ್ಕಯ್ಯಮ್ಮ ಹಿತ್ತಲಿಂದ ಕೂಗಿದಳು.

"ಯಾರಿಲ್ಲ ಚಿಕ್ಕತ್ತೆ, ತಾಹೆರಕ್ಕ ಅಳ್ತಿದಾರೆ" ಎಂದಳು ಗೌರಮ್ಮ. ಅಷ್ಟರಲ್ಲಿ ಅದು ನಿಜವೇ ಆಗಿತ್ತು.

"ಹಾಗಾದ್ರೆ, ನಾನು ತರ್ತಿದ್ದ ಶೀರ್‌ಕುರ್ಮಾ?"

"ಹಗಲೆಲ್ಲ ಆ ಬಟ್ಟಲಿನ ಸುತ್ತಲೇ ಓಡಾಡೋರು. ಹೊತ್ತು ಮುಳುಗ್ತಿದ್ದಂಗೆ ಮಾಳಿಗೆ ಹತ್ತಿ, ಮಸೀದಿ ದೀಪ ನೋಡಿ, ತಾವೇ ಲಾಟೀನು ಎತ್ತಿ, ಇಳಿದು ಬಂದು ಮೊದಲು ಅದನ್ನೇ ತಿನ್ನೋರು. ನಮ್ಮ ಯಾರಿಗೂ ಒಂದು ಚಮಚ ಕೊಡ್ತಿರ್ಲಿಲ್ಲ. ನನ್ನ ಯಜಮಾನ್ರು ಕೇಳಿದ್ರೆ 'ಇದು ದುಡಿದೋರ ಪಾಯಸ, ನಿಂಗ್ಯಾಕಪ್ಪ' ಅನ್ನೋರು."

ತಾಹೆರಾ ಹಣತೆಯನ್ನೇ ನೋಡುತ್ತ ಕೂತಳು. ಹಬ್ಬದ ಸಂಜೆಯ ಆ ಲಾಟೀನಿಗೆ ಸಾಲೆಲ್ಲ ನಕ್ಕದ್ದು ಅವಳ ಕಿವಿಯಲ್ಲಿತ್ತು.

"ನನಗೆ ಒಂದು ಮಾತು ಹೇಳಬಾರದಾಗಿತ್ತಾ ಗೌರಮ್ಮ?"

"ಬಾಯಿ ಕಟ್ಟಿದ್ರು ಅಕ್ಕ. 'ನನ್ನ ಮನಸ್ಸು ನೋಯ್ತದೆ ಅಂತ ಆ ಮಕ್ಳು ಮುಚ್ಚಿಟ್ಟವ್ರೆ. ನಂಗೆ ಗೊತ್ತದೆ ಅಂತ ತಿಳಿದ್ರೆ ಅವರ ಮುಖ ಸಣ್ಣಗಾಯ್ತದೆ. ಈ ಮಾತು ಏರಿ ಇಳೀಬಾರ್ದು' ಅಂದಿದ್ರು."

*

ಗಂಡಸರು ಕಾಲು ತೊಳೆದು, ದೀಪ ನೋಡಿ ಹೊರಡತೊಡಗಿದರು. ಬಿಸಿಲು ಮುದುಡಿ ಕೆರೆಯ ನೀರು ಬೂದಿಬಣ್ಣವಾಯಿತು. ತಾಹೆರಾ ಹೋಗಲೆಂದು ಎದ್ದಳು.

ಗೌರಮ್ಮ ಒಳಗಿನ ಮೊಳೆಯಿಂದ ಲಾಟೀನು ತೆಗೆದು ತಂದಳು. ಗಾಜು ಬೂದಿಯಲ್ಲಿ ಉಜ್ಜಿ ಬೆಳಗಿದಂತಿತ್ತು. "ನಿನ್ನೆ ಇಳಿಸಿದ ಮೇಲೆ ಅವರೇ ಉಜ್ಜಿಟ್ಟಿದ್ದು" ಎಂದಳು. "ನನಗೆ ಸೂತಕ, ನಾನು ಎತ್ತಿದ್ರೆ ನಿಮಗೆ ಆಗುತ್ತೋ ಇಲ್ವೋ. ನೀವೇ ಹತ್ತಿ."

"ನಮಗೆ ಅದೆಲ್ಲ ಏನಿಲ್ಲ. ಆದ್ರೂ ಬೇಡ ಗೌರಮ್ಮ. ಇವತ್ತು ಮೇಲೆ ನೋಡ್ಬೇಡಿ ಅಂತ ಹೇಳಿ ಬಂದಿದೀನಿ. ಮನ್ಸೂರನ ಹತ್ರ ಗಡಿಯಾರ ಇದೆ."

"ಇರ್ಲಿ. ಅವರು ನಿಂತ ಜಾಗ ಒಂದ್ಸಲ ನೋಡಿ."

ಕಲ್ಲಿನ ಮೆಟ್ಟಿಲು ಕಡಿದಾಗಿತ್ತು. ಈ ವಯಸ್ಸಿನಲ್ಲಿ ಆಕೆ ದಿನವೂ ಹೇಗೆ ಹತ್ತಿದಳೋ ಎಂದುಕೊಳ್ಳುತ್ತ ತಾಹೆರಾ ಮೇಲೆ ಬಂದಳು. ಹಿಂದೆಯೇ ಗೌರಮ್ಮ ಒಂದು ಚೊಂಬು ನೀರು ತಂದು ಕೈಪಿಡಿ ಗೋಡೆಯ ಮೇಲಿಟ್ಟಳು. ಮಣ್ಣಿನ ಮಾಳಿಗೆಯ ಅಂಚಿನಲ್ಲಿ ಎರಡು ಪಾದದಷ್ಟು ಜಾಗ ತುಳಿದು ತುಳಿದು ನುಣುಪಾಗಿತ್ತು. ತಾಹೆರಾ ಅಲ್ಲಿ ನಿಂತಳು.

ಕೆಳಗೆ ತನ್ನ ಸಾಲು. ಇಷ್ಟು ವರ್ಷ ಅಲ್ಲಿಂದ ಇತ್ತ ನೋಡಿದ್ದಳೇ ಹೊರತು ಇಲ್ಲಿಂದ ಅತ್ತ ನೋಡಿರಲಿಲ್ಲ. ಇಷ್ಟು ಹತ್ತಿರ ಕಾಣುತ್ತದೆಂದು ಗೊತ್ತಿರಲಿಲ್ಲ. ಒಣಹಾಕಿದ ಬಟ್ಟೆ, ಬಾಗಿಲಲ್ಲಿಟ್ಟ ಗಂಜಿಯ ಪಾತ್ರೆ, ಮುನ್ನಿಯ ಕೆಂಪು ರಿಬ್ಬನ್ನು, ಎಲ್ಲವೂ ಕಾಣುತ್ತಿತ್ತು. ಅವಳ ಮನೆಯ ಮೆಟ್ಟಿಲ ಮೇಲೆ ಅವಳು ಕೂರುವ ಜಾಗವೊಂದು ಖಾಲಿ ಇತ್ತು.

ಬೇಡವೆಂದು ಹೇಳಿ ಬಂದಿದ್ದರೂ ಎಲ್ಲರ ಮುಖ ಮೇಲಕ್ಕೇ ಇತ್ತು. ಮನ್ಸೂರ್ ಷರಟಿನ ತೋಳನ್ನು ಗಡಿಯಾರದ ಮೇಲೆ ಎಳೆದುಕೊಂಡು ತಾನೂ ಮೇಲೆಯೇ ನೋಡುತ್ತಿದ್ದ.

ಪೇಟೆಯ ಕಡೆ ಮಿನಾರಿನಲ್ಲಿ ದೀಪ ಹತ್ತಿತು. ತಾಹೆರಾ ಕಣ್ಣು ಕಿರಿದುಮಾಡಿ, ಅದು ಮಿನಾರಿನದೇ ಎಂದು ಇನ್ನೊಮ್ಮೆ ನೋಡಿಕೊಂಡಳು. ಆಮೇಲೆ ಲಾಟೀನು ಎತ್ತಿದಳು.

ಕೆಳಗೆ ತಲೆಗಳು ಒಂದೊಂದಾಗಿ ಬಗ್ಗಿದವು. ಮುನ್ನಿ, ಮನ್ಸೂರ್, ಆಗಷ್ಟೇ ಇಳಿದುಹೋಗಿದ್ದ ಮುಕ್ತಾರ್.

ಕಡೇ ಮನೆಯ ಮುಂದೆ ಸರ್ದಾರ್ ಇನ್ನೂ ನಿಂತೇ ಇದ್ದರು. ಅವರ ಹೆಗಲ ಮೇಲೆ ತೋಟದ ಕೆಮ್ಮಣ್ಣು ಹಾಗೇ ಇತ್ತು. ಅವರು ಲಾಟೀನನ್ನೇ ನೋಡುತ್ತಿದ್ದರು.

"ನೀರು ಕುಡೀರಿ ಅಕ್ಕ" ಎಂದಳು ಗೌರಮ್ಮ.

ತಾಹೆರಾ ನೋಯುತ್ತಿದ್ದ ತೋಳನ್ನು ಇಳಿಸಿ, ಇನ್ನೊಂದು ಕೈಯಲ್ಲಿ ಲಾಟೀನನ್ನು ಮತ್ತೂ ಸ್ವಲ್ಪ ಮೇಲೆತ್ತಿ ಹಿಡಿದಳು.